ಪದವಿ ತರಗತಿಯಲ್ಲಿ ಭಾಷಾವಿಜ್ಞಾನ: ವಿದ್ಯಾರ್ಥಿಯ ನುಡಿಯೇ ಮೊದಲ ದತ್ತಾಂಶ

ಸಾರಾಂಶ

ಭಾರತದಲ್ಲಿ ಭಾಷಾವಿಜ್ಞಾನವು ಬಹುಮಟ್ಟಿಗೆ ಸ್ನಾತಕೋತ್ತರ ವಿಷಯವಾಗಿಯೇ ಬೆಳೆದುಬಂದಿದೆ. ಕರ್ನಾಟಕದ ಹೆಚ್ಚಿನ ಪದವಿ ವಿದ್ಯಾರ್ಥಿಗಳು ಅದನ್ನು ಎದುರುಗೊಳ್ಳುವುದು ಕನ್ನಡ ಐಚ್ಛಿಕದ ಒಂದು ಪತ್ರಿಕೆಯಲ್ಲಿ, ವ್ಯಾಖ್ಯೆಗಳ ರೂಪದಲ್ಲಿ. ಪದವಿ ಮಟ್ಟದ ಮೊದಲ ಪಠ್ಯಕ್ರಮವು ವಿಷಯಸೂಚಿಯ ಪರಿಚಯವಾಗಿರದೆ ವಿಶ್ಲೇಷಣೆಯ ಅಭ್ಯಾಸವಾಗಿರಬೇಕು ಎಂಬುದು, ಆ ಅಭ್ಯಾಸಕ್ಕೆ ತರಗತಿಯಲ್ಲಿ ಕುಳಿತಿರುವವರ ನುಡಿಯೇ ಮೊದಲ ದತ್ತಾಂಶವಾಗಬೇಕು ಎಂಬುದು ಪ್ರಸ್ತುತ ಲೇಖನದ ವಾದ. ಹಕಾರಲೋಪ, ‘-ಇಸು’ ಪ್ರತ್ಯಯ ಹಾಗೂ ವಿಭಕ್ತಿ ಪಟ್ಟಿ ಎಂಬ ಮೂರು ನಿದರ್ಶನಗಳ ಮೂಲಕ ಈ ವಾದವನ್ನು ವಿವರಿಸಿ, ಅದರ ಮಿತಿಗಳನ್ನು ಚರ್ಚಿಸಲಾಗಿದೆ.

ಮುಖ್ಯ ಪದಗಳು: ಭಾಷಾವಿಜ್ಞಾನ ಬೋಧನೆ, ಪದವಿ ಶಿಕ್ಷಣ, ಧ್ವನಿಪರಿವರ್ತನೆ, ಅತಿಶುದ್ಧೀಕರಣ, ಪ್ರೇರಣಾರ್ಥಕ, ಪರಿಭಾಷೆ

1. ಪೀಠಿಕೆ

ಭಾರತದಲ್ಲಿ ಆಧುನಿಕ ಭಾಷಾವಿಜ್ಞಾನವು ಮೇಲಿನಿಂದ ಕೆಳಕ್ಕೆ ಇಳಿದುಬಂದ ಶಾಸ್ತ್ರ. 1928ರಲ್ಲಿ ಸ್ಥಾಪನೆಯಾದ ಲಿಂಗ್ವಿಸ್ಟಿಕ್ ಸೊಸೈಟಿ ಆಫ್ ಇಂಡಿಯಾ ವಿದ್ವಾಂಸರ ಕೂಟವಾಗಿತ್ತು. 1950ರ ದಶಕದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ನಡೆದ ಬೇಸಿಗೆ ಶಾಲೆಗಳು ಅದಾಗಲೇ ಯಾವುದಾದರೊಂದು ಭಾಷೆಯಲ್ಲಿ ಪದವಿ ಪಡೆದವರಿಗೆ ವರ್ಣನಾತ್ಮಕ ಭಾಷಾವಿಜ್ಞಾನದ ತರಬೇತಿ ನೀಡಿದವು. 1969ರಲ್ಲಿ ಮೈಸೂರಿನಲ್ಲಿ ಆರಂಭಗೊಂಡ ಭಾರತೀಯ ಭಾಷಾ ಸಂಸ್ಥಾನದ ಕಾರ್ಯವೂ ಸಂಶೋಧನೆ ಮತ್ತು ಅಧ್ಯಾಪಕರ ತರಬೇತಿಯ ಸುತ್ತ ಬೆಳೆಯಿತು. ಹೀಗಾಗಿ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಭಾಷಾವಿಜ್ಞಾನದ ಎಂ.ಎ. ತರಗತಿಗೆ ಬರುವವರು ಕನ್ನಡ, ಇಂಗ್ಲಿಷ್, ಸಂಸ್ಕೃತ, ಗಣಕವಿಜ್ಞಾನ ಮುಂತಾದ ಬೇರೆಬೇರೆ ಶಿಸ್ತುಗಳಿಂದ ಬರುತ್ತಾರೆ. ಬೇರೆಡೆ ಪದವಿಯ ಮೊದಲ ವರ್ಷದಲ್ಲಿ ಆಗುವ ಕೆಲಸ ಇಲ್ಲಿ ಸ್ನಾತಕೋತ್ತರ ತರಗತಿಯ ಮೊದಲ ಸೆಮಿಸ್ಟರಿನಲ್ಲಿ ಆಗಬೇಕಾಗುತ್ತದೆ.

ಪದವಿ ಮಟ್ಟದಲ್ಲಿ ಈ ಶಾಸ್ತ್ರಕ್ಕೆ ಇರುವ ಜಾಗ ಇಕ್ಕಟ್ಟಿನದು, ಅಸ್ಥಿರವೂ ಹೌದು. ಕರ್ನಾಟಕದಲ್ಲಿ 2021–22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಅನ್ವಯ ನಾಲ್ಕು ವರ್ಷಗಳ ಪದವಿ ವ್ಯವಸ್ಥೆ ಜಾರಿಗೆ ಬಂದಿತು. 2024–25ರಿಂದ ಮತ್ತೆ ಮೂರು ವರ್ಷಗಳ ಪದವಿಗೆ ಮರಳಲಾಯಿತು. ಇಂತಹ ಪ್ರತಿಯೊಂದು ಪರಿಷ್ಕರಣೆಯಲ್ಲಿಯೂ ಭಾಷಾವಿಜ್ಞಾನದ ಪತ್ರಿಕೆ ಏಕೆ ಇರಬೇಕು ಎಂಬ ಪ್ರಶ್ನೆಗೆ ಉತ್ತರ ಹೇಳಬೇಕಾಗುತ್ತದೆ. ‘ಅದೊಂದು ಮುಖ್ಯ ಶಾಸ್ತ್ರ’ ಎಂಬ ಉತ್ತರ ಸಾಲದು. ಆ ಪತ್ರಿಕೆಯನ್ನು ಓದಿದ ವಿದ್ಯಾರ್ಥಿ ಓದದವನಿಗಿಂತ ಭಿನ್ನವಾಗಿ ಏನು ಮಾಡಬಲ್ಲ ಎಂಬುದನ್ನು ನಾವು ತೋರಿಸಬೇಕು.

2. ವ್ಯಾಖ್ಯೆಯ ತಿಳಿವು ಮತ್ತು ವಿಶ್ಲೇಷಣೆಯ ತಿಳಿವು

ಧ್ವನಿವಿಜ್ಞಾನ, ಧ್ವನಿಮಾವಿಜ್ಞಾನ, ಆಕೃತಿಮಾವಿಜ್ಞಾನ, ವಾಕ್ಯವಿಜ್ಞಾನ, ಅರ್ಥವಿಜ್ಞಾನ, ಐತಿಹಾಸಿಕ ಮತ್ತು ಸಾಮಾಜಿಕ ಭಾಷಾವಿಜ್ಞಾನ ಎಂಬ ಶಾಖೆಗಳ ಬಗ್ಗೆ ಇಲ್ಲಿ ವಿವರಿಸುವ ಅಗತ್ಯವಿಲ್ಲ. ನಮ್ಮ ಗಮನ ಇರುವುದು ಅವುಗಳನ್ನು ಕಲಿಸುವ ಬಗೆಯ ಮೇಲೆ.

ನಮ್ಮ ಬೋಧನೆಯ ಮೊದಲ ವರ್ಷದ ಒಂದು ಸೋಲನ್ನು ಇಲ್ಲಿ ದಾಖಲಿಸುವುದು ಉಚಿತ. ಧ್ವನಿಮಾ, ಉಪಧ್ವನಿ, ಪರಿಪೂರಕ ಪ್ರಸಾರ ಎಂಬ ಪರಿಕಲ್ಪನೆಗಳನ್ನು ನಾವು ಇಂಗ್ಲಿಷ್ ಪಠ್ಯಪುಸ್ತಕದ ಉದಾಹರಣೆಗಳೊಡನೆ ಬೋಧಿಸಿದೆವು. ಪರೀಕ್ಷೆಯಲ್ಲಿ ‘ಧ್ವನಿಮಾ ಎಂದರೇನು? ಸೋದಾಹರಣವಾಗಿ ವಿವರಿಸಿ’ ಎಂಬ ಪ್ರಶ್ನೆಗೆ ಬಹುತೇಕ ಎಲ್ಲರೂ ಸರಿಯಾದ ಉತ್ತರ ಬರೆದರು. ಎಲ್ಲರ ಉದಾಹರಣೆಯೂ ಪುಸ್ತಕದ್ದೇ ಆಗಿತ್ತು. ಅದೇ ಪತ್ರಿಕೆಯಲ್ಲಿ ‘ಪ’ ಮತ್ತು ‘ಬ’ ಕನ್ನಡದಲ್ಲಿ ಬೇರೆಬೇರೆ ಧ್ವನಿಮಾಗಳೆಂದು ತೋರಿಸಲು ‘ಪಾಪ’–‘ಬಾಬು’ ಎಂಬ ಜೋಡಿಯನ್ನು ಹಲವರು ನೀಡಿದರು. ವ್ಯಾಖ್ಯೆ ಕಂಠಸ್ಥವಾಗಿತ್ತು, ಆದರೆ ‘ಒಂದೇ ಒಂದು ಸ್ಥಾನದಲ್ಲಿ ಭೇದ’ ಎಂಬ ಅದರ ಮರ್ಮ ಕೈಗೆ ಬಂದಿರಲಿಲ್ಲ. ತಪ್ಪು ವಿದ್ಯಾರ್ಥಿಗಳದಲ್ಲ. ಹೇಗೆ ಕಂಡುಹಿಡಿಯಬೇಕು ಎಂಬುದನ್ನು ನಾವು ಕಲಿಸಿಯೇ ಇರಲಿಲ್ಲ.

ಆರಂಭಿಕರಿಗೆ ವಿಶ್ಲೇಷಣೆ ಕಷ್ಟ, ಮೊದಲು ‘ತತ್ತ್ವ’ ತಿಳಿಯಲಿ ಎಂಬ ವಾದಕ್ಕೆ ಭಾಷಾವಿಜ್ಞಾನದ ಒಲಿಂಪಿಯಾಡುಗಳು ಉತ್ತರ ನೀಡಿವೆ. 1965ರಲ್ಲಿ ಮಾಸ್ಕೋದಲ್ಲಿ ಆರಂಭವಾದ ಈ ಸಂಪ್ರದಾಯ 2003ರಲ್ಲಿ ಬಲ್ಗೇರಿಯಾದಲ್ಲಿ ಅಂತರರಾಷ್ಟ್ರೀಯ ಸ್ಪರ್ಧೆಯ ರೂಪ ತಳೆಯಿತು; 2016ರ ಸ್ಪರ್ಧೆ ಮೈಸೂರಿನಲ್ಲಿಯೇ ನಡೆಯಿತು. ಅಲ್ಲಿ ಪ್ರೌಢಶಾಲೆಯ ಮಕ್ಕಳು, ಹೆಸರು ಕೂಡ ಕೇಳಿರದ ಭಾಷೆಗಳ ಕೆಲವೇ ವಾಕ್ಯಗಳಿಂದ ಅವುಗಳ ವ್ಯಾಕರಣವನ್ನು ಊಹಿಸಿ ಪರೀಕ್ಷಿಸುತ್ತಾರೆ. ಪರಿಭಾಷೆ ತಿಳಿಯದೆಯೂ ವಿಶ್ಲೇಷಣೆ ಸಾಧ್ಯ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷ್ಯ ಬೇಕಿಲ್ಲ.

3. ಪಾಲ್, ಹಾಲು, ಆಲು

ಹಳೆಯ ಮೈಸೂರು ಪ್ರಾಂತದ ಹಲವು ಉಪಭಾಷೆಗಳಲ್ಲಿ ಪದಾದಿಯ ಹಕಾರವಿಲ್ಲ. ಆ ಭಾಗದಿಂದ ಬಂದ ವಿದ್ಯಾರ್ಥಿಗಳಿಗೆ ಈ ಸಂಗತಿ ಪ್ರಾಥಮಿಕ ಶಾಲೆಯಿಂದಲೇ ತಿಳಿದಿರುತ್ತದೆ, ಆದರೆ ತಿದ್ದಿಸಿಕೊಂಡ ತಪ್ಪಾಗಿ ಮಾತ್ರ. ನಮ್ಮ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿನಿ ಸೆಮಿಸ್ಟರಿನ ಮೊದಲ ಐದು ವಾರ ಒಂದು ಮಾತನ್ನೂ ಆಡಿರಲಿಲ್ಲ. ಹಕಾರದ ಚರ್ಚೆ ಬಂದ ದಿನ, ‘ನಮ್ಮ ಮನೇಲಿ ಎಲ್ಲಾರೂ ಆಲು ಅಂತಲೇ ಅನ್ನೋದು, ಬರೆಯಲೇ ಸಾರ್?’ ಎಂದು ಕೇಳಿ ಕಪ್ಪುಹಲಗೆಯ ಬಳಿಗೆ ಬಂದಳು. ಮುಂದಿನ ವಿಶ್ಲೇಷಣೆ ಆಕೆ ಬರೆದ ಪಟ್ಟಿಯಿಂದ ಹೊರಟದ್ದು.

ಮೊದಲ ಹಂತದಲ್ಲಿ ಶಿಷ್ಟ ರೂಪ ಮತ್ತು ಮನೆಮಾತಿನ ರೂಪಗಳನ್ನು ಎದುರುಬದುರು ಇರಿಸಲಾಯಿತು: ಹಾಲು–ಆಲು, ಹೂವು–ಊವು, ಹತ್ತು–ಅತ್ತು, ಹಲ್ಲು–ಅಲ್ಲು, ಹೋಗು–ಓಗು. ಎರಡನೆಯ ಹಂತದಲ್ಲಿ ಇವೇ ಪದಗಳ ಹಳಗನ್ನಡ ರೂಪಗಳನ್ನು ಸೇರಿಸಲಾಯಿತು: ಪಾಲ್, ಪೂ, ಪತ್ತು, ಪಲ್, ಪೋಗು. ತರಗತಿಯಲ್ಲಿದ್ದ ತುಳು ಭಾಷಿಕರು ‘ಪೇರ್’, ‘ಪೂ’, ‘ಪತ್ತ್’ ಎಂಬ ರೂಪಗಳನ್ನು ನೀಡಿದರು. ತಮಿಳಿನ ಪಾಲ್, ಪೂ, ಪತ್ತು ರೂಪಗಳೂ ಅದೇ ಸಾಲಿಗೆ ಬಂದವು. ಹಲಗೆಯ ಮೇಲೆ ಈಗ ಮೂರು ಕಂಬಸಾಲುಗಳಿದ್ದವು: ಪಕಾರ, ಹಕಾರ, ಶೂನ್ಯ. ಶಾಲೆಯಲ್ಲಿ ತಪ್ಪೆನಿಸಿಕೊಂಡ ರೂಪವು ಒಂದು ಕ್ರಮಬದ್ಧ ಪರಿವರ್ತನೆಯ ಮೂರನೆಯ ಹಂತವೆಂದು ಯಾರೂ ಹೇಳಬೇಕಾಗಲಿಲ್ಲ.

ಅಲ್ಲಿಗೇ ನಿಂತಿದ್ದರೆ ಅದು ಸಮಾಧಾನದ ಮಾತಾಗುತ್ತಿತ್ತೇ ಹೊರತು ವಿಶ್ಲೇಷಣೆಯಾಗುತ್ತಿರಲಿಲ್ಲ. ಆದುದರಿಂದ ಮೂರನೆಯ ಹಂತದಲ್ಲಿ ಪ್ರತಿನಿದರ್ಶನಗಳನ್ನು ಹುಡುಕಲು ಸೂಚಿಸಲಾಯಿತು: ಪಕಾರ ಎಲ್ಲಿ ಉಳಿದಿದೆ? ಅಪ್ಪ, ಉಪ್ಪು, ತಪ್ಪು ಎಂಬಲ್ಲಿ ದ್ವಿತ್ವ. ತಂಪು, ಕಂಪು, ಇಂಪು ಎಂಬಲ್ಲಿ ಅನುನಾಸಿಕದ ನಂತರದ ಸ್ಥಾನ. ಇವುಗಳಿಂದ ಪರಿವರ್ತನೆಗೆ ಪರಿಸರವಿದೆ ಎಂಬ ತೀರ್ಮಾನ ಸಿಕ್ಕಿತು. ಆದರೆ ಪುಸ್ತಕ, ಪಾಠ, ಪಕ್ಷಿ ಎಂಬವುಗಳಲ್ಲಿ ಪದಾದಿಯಲ್ಲಿಯೇ ಪಕಾರ ಉಳಿದಿದೆ. ‘ಅವು ಸಂಸ್ಕೃತ ಪದಗಳು’ ಎಂಬ ಉತ್ತರ ಕೂಡಲೇ ಬಂದಿತು. ಹಾಗಿದ್ದರೆ ‘ಪರ್ವ’ದಿಂದ ಬಂದ ‘ಹಬ್ಬ’ದ ಗತಿ ಏನು? ಸಂಸ್ಕೃತಮೂಲದ ಪದವೇ ಆದರೂ ಅದು ಪಬ್ಬ, ಹಬ್ಬ ಎಂದು ಬದಲಾಗಿದೆ. ಪಕ್ಷಿ–ಹಕ್ಕಿ ಎಂಬ ಜೋಡಿ ಇನ್ನೂ ಸ್ವಾರಸ್ಯಕರ: ಒಂದೇ ಮೂಲದ ಎರಡು ರೂಪಗಳು ಒಂದೇ ಭಾಷೆಯಲ್ಲಿ ನಿಂತಿವೆ. ಮೂಲ ಯಾವುದು ಎಂಬುದು ನಿರ್ಣಾಯಕವಲ್ಲ, ಪದ ಯಾವಾಗ ಒಳಬಂದಿತು ಎಂಬುದು ನಿರ್ಣಾಯಕ. ಪರಿವರ್ತನೆಗೆ ಮೊದಲೇ ಭಾಷೆಯೊಳಗೆ ಕರಗಿದ್ದ ಪದಗಳು ಬದಲಾದವು. ಅನಂತರ ತತ್ಸಮವಾಗಿ ಬಂದವು, ಅಥವಾ ಮತ್ತೆ ಬಂದವು, ಬದಲಾಗಲಿಲ್ಲ. ಸುಮಾರು 10ನೆಯ ಶತಮಾನದಿಂದ ಶಾಸನಗಳಲ್ಲಿ ಹಕಾರ ರೂಪಗಳು ಕಾಣಿಸಿಕೊಳ್ಳತೊಡಗಿ ನಡುಗನ್ನಡದಲ್ಲಿ ನೆಲೆಗೊಂಡವು ಎಂಬ ಐತಿಹಾಸಿಕ ಸಂಗತಿಯನ್ನು ಈ ಹಂತದಲ್ಲಿ ತಿಳಿಸಿದಾಗ ಅದು ವಿದ್ಯಾರ್ಥಿಗಳ ಊಹೆಗೆ ಆಧಾರವಾಗಿ ಬರುತ್ತದೆ, ಬಾಯಿಪಾಠದ ಇಸವಿಯಾಗಿ ಅಲ್ಲ.

ನಾಲ್ಕನೆಯ ಹಂತ ಎರಡನೆಯ ಪರಿವರ್ತನೆಗೆ ಸಂಬಂಧಿಸಿದ್ದು. ಮನೆಮಾತಿನಲ್ಲಿ ‘ಹಂಸ’ ‘ಅಂಸ’ವಾಗುತ್ತದೆ, ‘ಹೋಟೆಲು’ ‘ಓಟ್ಲು’ ಆಗುತ್ತದೆ. ಮೊದಲನೆಯದರ ಹಕಾರ ಸಂಸ್ಕೃತದ್ದು, ಎರಡನೆಯದರದ್ದು ಇಂಗ್ಲಿಷಿನದು. ಎರಡಕ್ಕೂ ಹಳೆಯ ಪಕಾರದ ಸಂಬಂಧವಿಲ್ಲ. ಹಕಾರಲೋಪದ ನಿಯಮ ಧ್ವನಿಯ ಚರಿತ್ರೆಯನ್ನು ನೋಡುವುದಿಲ್ಲ, ಅದರ ಇಂದಿನ ರೂಪವನ್ನು ಮಾತ್ರ ನೋಡುತ್ತದೆ. ಪಕಾರವು ಹಕಾರವಾಗುವ ನಿಯಮ ಮುಗಿದುಹೋಗಿದೆ. ಹಕಾರ ಲೋಪವಾಗುವ ನಿಯಮ ಹೊಸ ಪದಗಳ ಮೇಲೂ ಕೆಲಸ ಮಾಡುತ್ತಿದೆ. ಏಕಕಾಲಿಕ ಮತ್ತು ಐತಿಹಾಸಿಕ ವಿವರಣೆಗಳ ಭೇದವನ್ನು ಸಸ್ಯೂರನ ಹೆಸರು ಹೇಳದೆಯೇ ಇಲ್ಲಿ ಮನವರಿಕೆ ಮಾಡಿಸಬಹುದು. ಹೆಸರನ್ನು ಮರುದಿನ ಹೇಳಿದರೆ ಸಾಕು.

ಕೊನೆಯ ಹಂತ ಅತಿಶುದ್ಧೀಕರಣ. ಈ ಭಾಷಿಕರು ಔಪಚಾರಿಕ ಸಂದರ್ಭದಲ್ಲಿ ‘ಅಕ್ಕಿ’ಯನ್ನು ‘ಹಕ್ಕಿ’ ಎಂದೂ, ‘ಆದರ’ವನ್ನು ‘ಹಾದರ’ ಎಂದೂ ಉಚ್ಚರಿಸುವುದುಂಟು. ವೇದಿಕೆಯ ನಗೆಹನಿಗಳಿಗೆ ಇದು ಹಳೆಯ ಸರಕು. ವಿಶ್ಲೇಷಣೆಗೆ ಇದು ಬೆಲೆಬಾಳುವ ಸಾಕ್ಷ್ಯ. ಶಿಷ್ಟ ರೂಪದಿಂದ ಮನೆಮಾತಿನ ರೂಪವನ್ನು ತಪ್ಪಿಲ್ಲದೆ ಊಹಿಸಬಹುದು: ಪದಾದಿಯ ಹಕಾರವನ್ನು ಬಿಟ್ಟರಾಯಿತು. ಮನೆಮಾತಿನಿಂದ ಶಿಷ್ಟ ರೂಪವನ್ನು ಹಾಗೆ ಊಹಿಸಲಾಗದು, ಏಕೆಂದರೆ ‘ಅಕ್ಕಿ’ ಎಂಬ ರೂಪದಲ್ಲಿ ಧಾನ್ಯವೂ ಇದೆ, ಪಕ್ಷಿಯೂ ಇದೆ. ಎರಡು ರೂಪಗಳು ಒಂದಾದಲ್ಲಿ ಮಾಹಿತಿ ಅಳಿದಿರುತ್ತದೆ. ಅಳಿದುದನ್ನು ನಿಯಮದಿಂದ ಮರಳಿ ಪಡೆಯಲಾಗದು, ಪದಪದವಾಗಿ ನೆನಪಿಡಬೇಕು. ಅತಿಶುದ್ಧೀಕರಣವು ಅಜ್ಞಾನದ ಫಲವಲ್ಲ, ಹಿಂದುಮುಂದಾಗಿ ಓಡಿಸಲಾಗದ ನಿಯಮವನ್ನು ಓಡಿಸಲು ಮಾಡಿದ ಯತ್ನದ ಫಲ. ನಕ್ಕವರಿಗೆ ಈ ಕಷ್ಟ ಇಲ್ಲದಿರುವುದಕ್ಕೆ ಕಾರಣ ಅವರ ಜಾಣತನವಲ್ಲ; ಅವರ ಮನೆಮಾತಿನಲ್ಲಿ ಆ ಎರಡು ರೂಪಗಳು ಒಂದಾಗಿಲ್ಲ, ಅಷ್ಟೆ.

4. ‘-ಇಸು’: ಚಿರಪರಿಚಿತ ಪ್ರತ್ಯಯದ ಅಪರಿಚಿತ ಮುಖ

ಧ್ವನಿಯಲ್ಲಿ ಭಾಷಾಭೇದ ಹೇಗೋ ವಾಕ್ಯದಲ್ಲಿ ಎಲ್ಲ ಕನ್ನಡಿಗರ ಸಮಾನ ತಿಳಿವೂ ಹಾಗೆಯೇ ಬಳಕೆಗೆ ಬರುತ್ತದೆ. ಶಾಲಾ ವ್ಯಾಕರಣವು ‘-ಇಸು’ ಪ್ರತ್ಯಯವನ್ನು ಪ್ರೇರಣಾರ್ಥಕವೆಂದು ಕಲಿಸುತ್ತದೆ: ಮಾಡು–ಮಾಡಿಸು, ಓಡು–ಓಡಿಸು, ಕರಗು–ಕರಗಿಸು. ವಿದ್ಯಾರ್ಥಿಗಳು ಈ ವ್ಯಾಖ್ಯೆಯನ್ನು ತಾವೇ ಪರೀಕ್ಷಿಸಲು ಮೂರು ಬಗೆಯ ದತ್ತಾಂಶ ಸಾಕು.

ಒಂದು: ‘ಕೊಂಬೆ ಮುರಿಯಿತು’, ‘ಅವನು ಕೊಂಬೆ ಮುರಿದನು’. ಎರಡನೆಯ ವಾಕ್ಯದಲ್ಲಿ ಪ್ರೇರಕ ಕರ್ತೃವಿದ್ದಾನೆ, ಪ್ರತ್ಯಯವಿಲ್ಲ. ಆದರೆ ‘ಬೆಣ್ಣೆ ಕರಗಿತು’ ಎಂಬುದಕ್ಕೆ ಎದುರಾಗಿ ‘ಅವನು ಬೆಣ್ಣೆ ಕರಗಿದನು’ ಎಂಬುದು ಸಲ್ಲದು. ಎರಡು: ಜನಿಸು, ಚಿಂತಿಸು, ಪ್ರಯತ್ನಿಸು. ಇಲ್ಲಿ ಪ್ರತ್ಯಯವಿದೆ, ಪ್ರೇರಣೆಯಿಲ್ಲ. ಸಂಸ್ಕೃತದ ನಾಮಪದವನ್ನು ಕನ್ನಡದ ಕ್ರಿಯಾಧಾತುವಾಗಿಸುವುದಷ್ಟೇ ಅದರ ಕೆಲಸ. ಮೂರು: ‘ನನಗೆ ಸದ್ದು ಕೇಳಿಸಿತು’, ‘ನನಗೆ ದೀಪ ಕಾಣಿಸಿತು’. ಧಾತುಗಳು ಕನ್ನಡದವೇ, ಪ್ರತ್ಯಯವೂ ಅದೇ. ಆದರೆ ಯಾರೂ ಯಾರಿಂದಲೂ ಏನನ್ನೂ ಮಾಡಿಸಿಲ್ಲ. ‘ನಾನು ಸದ್ದು ಕೇಳಿದೆ’ ಎಂಬಲ್ಲಿದ್ದ ಕರ್ತೃ ಇಲ್ಲಿ ‘ನನಗೆ’ ಎಂದಾಗಿದ್ದಾನೆ. ಒಂದೇ ಪ್ರತ್ಯಯವೇ, ಒಂದೇ ರೂಪದ ಹಲವು ಪ್ರತ್ಯಯಗಳೇ? ಈ ಪ್ರಶ್ನೆಗೆ ತರಗತಿಯಲ್ಲಿ ಒಮ್ಮತ ಮೂಡಬೇಕಾಗಿಲ್ಲ. ಯಾವ ಪಕ್ಷಕ್ಕೆ ಯಾವ ಸಾಕ್ಷ್ಯ ಎಂಬುದು ಸ್ಪಷ್ಟವಾದರೆ ಸಾಕು.

ಇಲ್ಲಿಂದ ಶಾಸ್ತ್ರದ ಜೀವಂತ ಚರ್ಚೆಗೆ ಒಂದೇ ಹೆಜ್ಜೆ. ಜೆಫ್ರಿ ಲಿಡ್ಜ್, ಹೆನ್ರಿ ಗ್ಲೈಟ್‌ಮನ್ ಮತ್ತು ಲೀಲಾ ಗ್ಲೈಟ್‌ಮನ್ ಅವರು 2003ರಲ್ಲಿ ‘ಕಾಗ್ನಿಷನ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ಕನ್ನಡ ಕಲಿಯುತ್ತಿರುವ ಮೂರು ವರ್ಷದ ಮಕ್ಕಳೇ ಆಧಾರ. ಪ್ರೇರಣಾರ್ಥವನ್ನು ಗುರುತಿಸಲು ಆ ಮಕ್ಕಳು ‘-ಇಸು’ ಪ್ರತ್ಯಯವನ್ನು ಅವಲಂಬಿಸಲಿಲ್ಲ, ವಾಕ್ಯದಲ್ಲಿ ಎಷ್ಟು ನಾಮಪದಗಳಿವೆ ಎಂಬುದನ್ನು ಅವಲಂಬಿಸಿದರು. ಅದೂ ಕನ್ನಡದಲ್ಲಿ ಪ್ರತ್ಯಯವೇ ಹೆಚ್ಚು ನಂಬಲರ್ಹ ಸೂಚನೆಯಾಗಿರುವಾಗ. ಮಗು ಕೇಳಿದ್ದನ್ನಷ್ಟೇ ಕಲಿಯುತ್ತದೆಯೇ, ಕಲಿಕೆಗೆ ತನ್ನದೇ ಒಲವನ್ನೂ ತರುತ್ತದೆಯೇ ಎಂಬ ದೊಡ್ಡ ವಿವಾದದಲ್ಲಿ ಕನ್ನಡದ ಒಂದು ಪ್ರತ್ಯಯ ಸಾಕ್ಷಿಯಾಗಿ ನಿಂತಿದೆ. ತಮ್ಮ ಭಾಷೆ ಸಿದ್ಧಾಂತಗಳ ಗ್ರಾಹಕನಷ್ಟೇ ಅಲ್ಲ, ಅವುಗಳನ್ನು ಒರೆಗೆ ಹಚ್ಚುವ ಕಲ್ಲೂ ಹೌದು ಎಂಬುದು ಎರಡನೆಯ ವರ್ಷದ ವಿದ್ಯಾರ್ಥಿಗೆ ತಿಳಿಯಬೇಕಾದ ಸಂಗತಿ.

5. ವ್ಯಾಕರಣ ಪರಂಪರೆ ಮತ್ತು ಪರಿಭಾಷೆ

ನಮ್ಮ ವಿದ್ಯಾರ್ಥಿಗಳು ಬರಿದಾದ ಹಲಗೆಯೊಡನೆ ಬರುವುದಿಲ್ಲ. 13ನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ದಿಂದ, 1604ರ ಭಟ್ಟಾಕಳಂಕನ ‘ಕರ್ಣಾಟಕ ಶಬ್ದಾನುಶಾಸನ’ದಿಂದ ಇಳಿದುಬಂದ ಪರಿಭಾಷೆಯನ್ನು ಅವರು ಶಾಲೆಯಲ್ಲಿ ಕಲಿತಿರುತ್ತಾರೆ. ಅದನ್ನು ಬದಿಗೊತ್ತಿ ಹೊಸದನ್ನು ಕಲಿಸುವುದು ಒಂದು ದಾರಿ. ಅದನ್ನೇ ಪರಿಶೀಲನೆಯ ವಸ್ತುವಾಗಿಸುವುದು ಇನ್ನೊಂದು ದಾರಿ. ನಾವು ಎರಡನೆಯದನ್ನು ಆರಿಸಿಕೊಂಡಿದ್ದೇವೆ.

ಶಾಲೆಯ ವಿಭಕ್ತಿ ಪಟ್ಟಿಯಲ್ಲಿ ತೃತೀಯೆಗೆ ‘ಇಂದ’, ಪಂಚಮಿಗೆ ‘ದೆಸೆಯಿಂದ’ ಎಂಬ ಪ್ರತ್ಯಯಗಳಿವೆ. ‘ಕತ್ತಿಯಿಂದ ಕುಯ್ದನು’, ‘ಮರದಿಂದ ಹಣ್ಣು ಬಿದ್ದಿತು’ ಎಂಬ ವಾಕ್ಯಗಳನ್ನು ಕೊಟ್ಟು ‘ಮರದ ದೆಸೆಯಿಂದ ಹಣ್ಣು ಬಿದ್ದಿತು’ ಎಂದು ಯಾರಾದರೂ ಆಡುವರೇ ಎಂದು ಕೇಳಿದರೆ ತರಗತಿ ನಗುತ್ತದೆ. ರೂಪ ಒಂದೇ ಇರುವಲ್ಲಿ ಎರಡು ವಿಭಕ್ತಿಗಳನ್ನು ಹೇಳಲು ಕಾರಣವೇನು? ಸಂಸ್ಕೃತದಲ್ಲಿ ಎರಡು ಇರುವುದೇ ಕಾರಣ ಎಂಬುದು ಮೊದಲ ಉತ್ತರ. ಡಿ. ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಮೊದಲಾದ ಗ್ರಂಥಗಳಲ್ಲಿ ಎತ್ತಿದ ಪ್ರಶ್ನೆಯ ತಿರುಳು ಇದೇ. ಆದರೆ ಮರುಪ್ರಶ್ನೆಯೂ ಬೇಕು: ರೂಪವೊಂದೇ ವರ್ಗೀಕರಣದ ಆಧಾರವಾಗಬೇಕೇ? ಅರ್ಥಪಾತ್ರಗಳಿಗೆ ಸ್ಥಾನವಿಲ್ಲವೇ? ಹೀಗೆ ನೋಡಿದಾಗ ಪೂರ್ವ ವೈಯಾಕರಣರು ತಪ್ಪು ಮಾಡಿದವರಾಗಿ ಅಲ್ಲ, ಒಂದು ನಿರ್ದಿಷ್ಟ ಆಯ್ಕೆ ಮಾಡಿದವರಾಗಿ ಕಾಣುತ್ತಾರೆ.

ಬೋಧನಾ ಮಾಧ್ಯಮದ ಪ್ರಶ್ನೆ ಇದಕ್ಕೆ ಅಂಟಿಕೊಂಡಿದೆ. ಮೊದಲ ವಿಶ್ಲೇಷಣೆಯನ್ನು ಕನ್ನಡದಲ್ಲಿ ನಡೆಸಿ, ಪರಿಕಲ್ಪನೆ ಕೈಗೆ ಬಂದ ಮೇಲೆ ಕನ್ನಡ ಮತ್ತು ಇಂಗ್ಲಿಷ್ ಪದಗಳೆರಡನ್ನೂ ಕೊಡುವುದು ನಮ್ಮ ಪದ್ಧತಿ. ಇಂಗ್ಲಿಷ್ ಪದವಿಲ್ಲದೆ ಮುಂದಿನ ಓದು ನಿಲ್ಲುತ್ತದೆ. ಕನ್ನಡದ ವಿವರಣೆಯಿಲ್ಲದೆ ಮೊದಲ ಓದೇ ಆರಂಭವಾಗುವುದಿಲ್ಲ.

6. ಆಕ್ಷೇಪಗಳು ಮತ್ತು ಮಿತಿಗಳು

ಸ್ವಂತ ನುಡಿಯಿಂದ ಆರಂಭಿಸಿದರೆ ದೃಷ್ಟಿ ಕಿರಿದಾಗುತ್ತದೆ ಎಂಬುದು ಮೊದಲ ಆಕ್ಷೇಪ. ಇದು ಗಂಭೀರವಾದುದು. ತನ್ನ ಭಾಷೆಯಲ್ಲಿ ಸಹಜವೆನಿಸಿದ್ದನ್ನು ಎಲ್ಲ ಭಾಷೆಗಳ ಲಕ್ಷಣವೆಂದು ಭಾವಿಸುವ ಅಪಾಯ ಆರಂಭಿಕರಿಗೆ ಇದ್ದೇ ಇದೆ. ಆದರೆ ಕರ್ನಾಟಕದ ತರಗತಿಯಲ್ಲಿ ಕನ್ನಡ ಒಂದೇ ಇರುವುದು ಅಪರೂಪ. ತುಳು, ಕೊಡವ, ಕೊಂಕಣಿ, ಉರ್ದು, ಬ್ಯಾರಿ, ಲಂಬಾಣಿ ಮನೆಮಾತಿನವರು ಅಕ್ಕಪಕ್ಕದಲ್ಲಿ ಕುಳಿತಿರುತ್ತಾರೆ. ಎರಡನೆಯ ಸೆಮಿಸ್ಟರಿನಲ್ಲಿ ಇದೇ ವಿಶ್ಲೇಷಣೆಯನ್ನು ಪರಿಚಯವಿಲ್ಲದ ಭಾಷೆಗಳಿಗೆ ಅನ್ವಯಿಸುವುದು ಕಡ್ಡಾಯವಾಗಬೇಕು.

ಎರಡನೆಯದು ಶಿಷ್ಟ ಭಾಷೆಯ ಪ್ರಶ್ನೆ. ‘ಆಲು’ ಕ್ರಮಬದ್ಧವೆಂದು ತೋರಿಸಿದ ಮಾತ್ರಕ್ಕೆ ಪರೀಕ್ಷೆಯಲ್ಲಿ, ಸಂದರ್ಶನದಲ್ಲಿ ಅದರ ಬೆಲೆ ಬದಲಾಗುವುದಿಲ್ಲ. ಇದನ್ನು ಮುಚ್ಚಿಡುವುದು ವಿದ್ಯಾರ್ಥಿಗೆ ಮಾಡುವ ಅನ್ಯಾಯ. ಶಿಷ್ಟ ಬರೆಹವನ್ನು ಕಲಿಸಲೇಬೇಕು; ಆದರೆ ಅದನ್ನು ಒಂದು ಹೆಚ್ಚುವರಿ ಭಾಷಾಪ್ರಭೇದವಾಗಿ ಕಲಿಸುವುದಕ್ಕೂ ಕೆಟ್ಟ ಭಾಷೆಯ ತಿದ್ದುಪಡಿಯಾಗಿ ಕಲಿಸುವುದಕ್ಕೂ ವ್ಯತ್ಯಾಸವಿದೆ.

ಮೂರನೆಯದು ಉದ್ಯೋಗ. ಪಾಲಕರು ಕೇಳುವ ಈ ಪ್ರಶ್ನೆಯನ್ನು ನಾವು ಹಗುರವಾಗಿ ಕಾಣಲಾಗದು. ಭಾಷಾಬೋಧನೆ, ನಿಘಂಟು ರಚನೆ, ಅನುವಾದ, ಭಾಷಾ ತಂತ್ರಜ್ಞಾನ ಹಾಗೂ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂತಹ ಕಡೆ ಬೋಧಿಸಲಾಗುವ ವಾಕ್ ಚಿಕಿತ್ಸೆ ಇವೆಲ್ಲಕ್ಕೂ ಈ ತರಬೇತಿ ನೆರವಾಗುತ್ತದೆ, ಆದರೆ ಹೆಚ್ಚಿನವುಗಳಿಗೆ ಬೇರೆ ಅರ್ಹತೆಯೂ ಬೇಕು. ಪದವಿಯೊಂದೇ ಉದ್ಯೋಗ ಕೊಡುತ್ತದೆ ಎಂಬ ಭರವಸೆಯನ್ನು ನಾವು ನೀಡುವುದಿಲ್ಲ.

ನಾಲ್ಕನೆಯದು ಪರೀಕ್ಷೆ. ಪ್ರಬಂಧರೂಪದ ಪ್ರಶ್ನೆಗಳಷ್ಟೇ ಇರುವವರೆಗೆ ತರಗತಿಯ ಅಭ್ಯಾಸ ಪರೀಕ್ಷೆಗೆ ಹೊರಗಿನದಾಗಿಯೇ ಉಳಿಯುತ್ತದೆ. ಪ್ರತಿ ಪತ್ರಿಕೆಯಲ್ಲಿ ಕನಿಷ್ಠ ಒಂದಾದರೂ ಹೊಸ ದತ್ತಾಂಶದ ಸಮಸ್ಯೆ ಇರಬೇಕು, ಮತ್ತು ತೀರ್ಮಾನಕ್ಕಿಂತ ತೀರ್ಮಾನಕ್ಕೆ ಬಂದ ಹಾದಿಗೆ ಹೆಚ್ಚು ಅಂಕ ಇರಬೇಕು ಎಂಬುದು ನಮ್ಮ ಸಲಹೆ.

7. ಸಮಾರೋಪ

ಪದವಿ ಮಟ್ಟದಲ್ಲಿ ಭಾಷಾವಿಜ್ಞಾನವನ್ನು ಉಳಿಸಿಕೊಳ್ಳುವ ವಾದ ಆ ಶಾಸ್ತ್ರದ ಘನತೆಯ ಮೇಲೆ ನಿಲ್ಲಲಾರದು, ಅದು ಕಲಿಸುವ ಕೌಶಲದ ಮೇಲೆ ನಿಲ್ಲಬೇಕು: ದತ್ತಾಂಶವನ್ನು ಸಂಗ್ರಹಿಸುವುದು, ಪ್ರಾಕ್ಕಲ್ಪನೆಯನ್ನು ರೂಪಿಸುವುದು, ಅದನ್ನು ಮುರಿಯಬಲ್ಲ ಉದಾಹರಣೆಯನ್ನು ತಾನೇ ಹುಡುಕುವುದು. ಈ ಕೌಶಲಕ್ಕೆ ಪ್ರಯೋಗಾಲಯವಾಗಲಿ ದುಬಾರಿ ಉಪಕರಣವಾಗಲಿ ಬೇಕಿಲ್ಲ. ಬೇಕಾದ ದತ್ತಾಂಶವನ್ನು ವಿದ್ಯಾರ್ಥಿಗಳು ಮನೆಯಿಂದಲೇ ಹೊತ್ತು ತಂದಿರುತ್ತಾರೆ. ಅದನ್ನು ತರಗತಿಯ ಬಾಗಿಲಲ್ಲಿ ಬಿಟ್ಟುಬರಬೇಕೆಂದು ಅವರಿಗೆ ಹಿಂದೆ ಕಲಿಸಲಾಗಿದೆ. ಮೊದಲ ವರ್ಷದ ಪಠ್ಯಕ್ರಮದ ಮೊದಲ ಕೆಲಸ ಆ ಪಾಠವನ್ನು ಹಿಂದಕ್ಕೆ ಪಡೆಯುವುದು. ಹೇಳಲಾದ ವಿದ್ಯಾರ್ಥಿನಿ ಸೆಮಿಸ್ಟರಿನ ಕೊನೆಗೆ ಸಲ್ಲಿಸಿದ ಕಿರುಪ್ರಬಂಧಕ್ಕೆ ತನ್ನ ಅಜ್ಜಿಯನ್ನೇ ಆವೇದಕಿಯಾಗಿ ಆರಿಸಿಕೊಂಡಿದ್ದಳು. ಪದಪಟ್ಟಿಯಲ್ಲಿ ಒಂದೂ ಹಕಾರವನ್ನು ಆಕೆ ‘ಸರಿಪಡಿಸಿ’ ಬರೆದಿರಲಿಲ್ಲ.